ಜೆಸ್ಕಾಂ ಮಂಡಳಿಯಲ್ಲಿ ಪ್ರಶ್ನೆ ಕೇಳುವವರು ಯಾರು?

ಪ್ರತಿ ಯೂನಿಟ್ಟಿಗೆ 36 ಪೈಸೆ. ಮೊತ್ತ ದೊಡ್ಡದಲ್ಲ, ಆದರೆ ಅದರ ಹಿಂದಿನ ಕಥೆ ಚಿಕ್ಕದಲ್ಲ. 2025ರ ಮಾರ್ಚ್‌ನಲ್ಲಿ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ವಿದ್ಯುತ್ ನೌಕರರ ಪಿಂಚಣಿ ಮತ್ತು ಗ್ರಾಚ್ಯುಟಿಯಲ್ಲಿ ಸರ್ಕಾರದ ಪಾಲನ್ನು ಗ್ರಾಹಕರಿಂದ ವಸೂಲು ಮಾಡಲು ಅನುಮತಿ ನೀಡಿತು. 2025-26ರಲ್ಲಿ 36 ಪೈಸೆ, ಮರುವರ್ಷ 35, ಅದರ ಮುಂದಿನ ವರ್ಷ 34. ಗಾಜಿಪುರದ ನನ್ನ ಮನೆಯ ಬಿಲ್ಲಿನಲ್ಲಿ ಈ ಸಾಲನ್ನು ಕಂಡಾಗ ನನ್ನನ್ನು ಕಾಡಿದ್ದು ಹಣವಲ್ಲ. ಒಬ್ಬ ನೌಕರ ಯಾವ ವರ್ಷ ನಿವೃತ್ತನಾಗುತ್ತಾನೆ ಎಂಬುದು ಅವನು ಕೆಲಸಕ್ಕೆ ಸೇರಿದ ದಿನವೇ ಗೊತ್ತಿರುತ್ತದೆ. ಹಾಗಿರುವಾಗ ಇಷ್ಟು ಸ್ಪಷ್ಟವಾಗಿ ಕಾಣುತ್ತಿದ್ದ ಹೊಣೆ ಕೊನೆಗೆ ಗ್ರಾಹಕನ ಬಾಗಿಲಿಗೆ ಬಂದದ್ದು ಹೇಗೆ?

ಉತ್ತರ ಹುಡುಕಲು ಸುಧಾರಣೆಯ ಆರಂಭಕ್ಕೆ ಹೋಗಬೇಕು. 1999ರಲ್ಲಿ ಕರ್ನಾಟಕ ವಿದ್ಯುಚ್ಛಕ್ತಿ ಮಂಡಳಿಯನ್ನು ಕಂಪನಿಯಾಗಿ ಪರಿವರ್ತಿಸಲಾಯಿತು. 2002ರ ಜೂನ್‌ನಲ್ಲಿ ವಿತರಣೆಯನ್ನು ಬೇರ್ಪಡಿಸಿ ನಾಲ್ಕು ಕಂಪನಿಗಳನ್ನು ರಚಿಸಲಾಯಿತು. ಅವುಗಳಲ್ಲೊಂದು ಕಲಬುರಗಿಯನ್ನೇ ಕೇಂದ್ರವಾಗಿಸಿಕೊಂಡ ಜೆಸ್ಕಾಂ. ಬೀದರಿನಿಂದ ಬಳ್ಳಾರಿಯವರೆಗಿನ ಕಲ್ಯಾಣ ಕರ್ನಾಟಕ ಅದರ ವ್ಯಾಪ್ತಿ. ಸರ್ಕಾರಿ ಇಲಾಖೆಯ ಜಡತ್ವ ಹೋಗಿ ನಿರ್ದೇಶಕ ಮಂಡಳಿ, ಲೆಕ್ಕಪರಿಶೋಧನೆ ಮತ್ತು ಉತ್ತರದಾಯಿತ್ವದ ಶಿಸ್ತು ಬರುತ್ತದೆ ಎಂಬುದು ಅಂದಿನ ಭರವಸೆಯಾಗಿತ್ತು.

ಕಂಪನಿಯೇನೋ ಆಯಿತು. ಆದರೆ ಅದರ ಮಾಲೀಕ ರಾಜ್ಯ ಸರ್ಕಾರ. ನಿರ್ದೇಶಕರನ್ನು ನೇಮಿಸುವುದೂ ಸರ್ಕಾರ. ಅದಕ್ಕೆ ಅತಿ ಹೆಚ್ಚು ಹಣ ಕೊಡಬೇಕಾದ ಬಾಕಿದಾರನೂ ಸರ್ಕಾರವೇ. 10 ಅಶ್ವಶಕ್ತಿವರೆಗಿನ ಕೃಷಿ ಪಂಪ್‌ಸೆಟ್‌ಗಳ ಉಚಿತ ವಿದ್ಯುತ್ತಿನ ವೆಚ್ಚ, 2023ರಿಂದ ಗೃಹಜ್ಯೋತಿಯ ವೆಚ್ಚ, ಎರಡೂ ಖಜಾನೆಯಿಂದಲೇ ಬರಬೇಕು. ಇಂಥ ಸಹಾಯಧನವನ್ನು ಮುಂಗಡವಾಗಿಯೇ ಪಾವತಿಸಬೇಕೆಂದು 2003ರ ವಿದ್ಯುಚ್ಛಕ್ತಿ ಕಾಯ್ದೆಯ 65ನೇ ಕಲಂ ಹೇಳುತ್ತದೆ. ಹಣ ತಡವಾದರೆ ಕಂಪನಿ ಸಾಲ ಮಾಡಿ ವಿದ್ಯುತ್ ಖರೀದಿಸಬೇಕಾಗುತ್ತದೆ. ಆಗ ಸಾಲಗಾರನ ಬಳಿ ಬಾಕಿ ಕೇಳಬೇಕಾದವರು ಆ ಸಾಲಗಾರನ ಅಧೀನ ಅಧಿಕಾರಿಗಳೇ! ಇದು ಯಾವ ವ್ಯಕ್ತಿಯ ದೋಷವೂ ಅಲ್ಲ, ರಚನೆಯ ದೋಷ.

ಈ ಮಾತನ್ನು ನಾನು ದೂರದಿಂದ ಹೇಳುತ್ತಿಲ್ಲ. ಸೇವೆಯಲ್ಲಿದ್ದಾಗ ಸರ್ಕಾರಿ ಕಂಪನಿಯೊಂದರ ಮಂಡಳಿಯಲ್ಲಿ ಪದನಿಮಿತ್ತ ನಿರ್ದೇಶಕನಾಗಿದ್ದೆ. ಕಾರ್ಯಸೂಚಿಯ ದಪ್ಪ ಕಡತ ಸಭೆಯ ಹಿಂದಿನ ಸಂಜೆ ಕೈಸೇರುತ್ತಿತ್ತು. ಅಪಾಯಗಳ ಪರಾಮರ್ಶೆ ಕೊನೆಯ ವಿಷಯವಾಗಿರುತ್ತಿತ್ತು. ಅಲ್ಲಿಗೆ ಬರುವಷ್ಟರಲ್ಲಿ ಊಟದ ಹೊತ್ತಾಗಿರುತ್ತಿತ್ತು. ‘ಮಂಡಳಿ ಗಮನಿಸಿತು’ ಎಂಬ ಒಂದು ಸಾಲಿನ ನಿರ್ಣಯಕ್ಕೆ ಎಲ್ಲರಂತೆ ನಾನೂ ಒಪ್ಪಿಗೆ ಸೂಚಿಸಿದ್ದೇನೆ. ಸರ್ಕಾರದ ಬಾಕಿಯ ವಿಷಯವನ್ನು ಒಮ್ಮೆ ಎತ್ತಬೇಕೆಂದುಕೊಂಡು ಸುಮ್ಮನಾದದ್ದೂ ಉಂಟು. ನನ್ನನ್ನು ಯಾರೂ ತಡೆಯಲಿಲ್ಲ. ತಡೆಯುವ ಅಗತ್ಯವೇ ಬೀಳಲಿಲ್ಲ.

ನಿಯಮಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. 2013ರ ಕಂಪನಿ ಕಾಯ್ದೆ ಲೆಕ್ಕಪರಿಶೋಧನಾ ಸಮಿತಿಯ ಬಗ್ಗೆ ಹೇಳುತ್ತದೆ. ಅಪಾಯ ನಿರ್ವಹಣೆಯ ನೀತಿಯನ್ನು ಮಂಡಳಿಯ ವಾರ್ಷಿಕ ವರದಿಯಲ್ಲಿ ವಿವರಿಸಬೇಕೆನ್ನುತ್ತದೆ. ಆದರೆ ಸಮಿತಿಯಿದ್ದ ಮಾತ್ರಕ್ಕೆ ಉಸ್ತುವಾರಿ ಇದೆಯೆಂದಲ್ಲ. 2001ರ ಡಿಸೆಂಬರ್‌ನಲ್ಲಿ ದಿವಾಳಿಯಾದ ಅಮೆರಿಕದ ಇಂಧನ ಕಂಪನಿ ಎನ್ರಾನ್‌ನಲ್ಲಿಯೂ ಲೆಕ್ಕಪರಿಶೋಧನಾ ಸಮಿತಿಯಿತ್ತು. ಷೇರುಪೇಟೆಯ ಕಂಪನಿಯಲ್ಲಿ ಕನಿಷ್ಠ ಷೇರುದಾರನಾದರೂ ಎದ್ದು ನಿಂತು ಪ್ರಶ್ನಿಸಬಲ್ಲ. ಅಂಥ ಅಗ್ರ ಸಾವಿರ ಕಂಪನಿಗಳು ಪರಿಸರ ಮತ್ತು ಸಾಮಾಜಿಕ ಹೊಣೆಯ ವಿವರಗಳನ್ನು ಪ್ರಕಟಿಸಬೇಕೆಂದು ಸೆಬಿ 2021ರಲ್ಲಿ ಆದೇಶಿಸಿತು. ಜೆಸ್ಕಾಂ ಷೇರುಪೇಟೆಯಲ್ಲಿಲ್ಲ. ಅದರ ಮಟ್ಟಿಗೆ ಷೇರುದಾರನ ಸ್ಥಾನದಲ್ಲಿರುವವನು ಬಿಲ್ಲು ಕಟ್ಟುವ ನಾಗರಿಕ. ಅವನಿಗೆ ಮಂಡಳಿಯಲ್ಲಿ ದನಿಯಿಲ್ಲ.

ಅಪಾಯವೆಂದರೆ ಲೆಕ್ಕಪತ್ರದ ಮಾತಷ್ಟೇ ಅಲ್ಲ. ಕಲಬುರಗಿಯಿಂದ ಹುಮನಾಬಾದ್ ರಸ್ತೆಯಲ್ಲಿ ಸಾಗಿದರೆ ಕಮಲಾಪುರ ಸಿಗುತ್ತದೆ. ಭೌಗೋಳಿಕ ಸೂಚಿಕೆ ಪಡೆದ ಅಲ್ಲಿನ ಕೆಂಬಾಳೆ ವರ್ಷಕ್ಕೂ ಮೀರಿ ನೀರು ಬೇಡುವ ಬೆಳೆ. ಪಂಪ್‌ಸೆಟ್ಟಿಗೆ ಕರೆಂಟು ಬರುವ ಹೊತ್ತೇ ಅಲ್ಲಿನ ರೈತನ ದಿನಚರಿಯನ್ನು ನಿರ್ಧರಿಸುತ್ತದೆ. 2023ರಲ್ಲಿ ಮಳೆ ಕೈಕೊಟ್ಟು ಜಲವಿದ್ಯುತ್ತು ಕುಸಿದು, ಪಂಪ್‌ಸೆಟ್ ಬೇಡಿಕೆ ಏರಿತು. ಅಕ್ಟೋಬರ್‌ನಲ್ಲಿ ಸರ್ಕಾರ ಕಾಯ್ದೆಯ 11ನೇ ಕಲಮನ್ನು ಬಳಸಿ ಖಾಸಗಿ ಉತ್ಪಾದಕರು ರಾಜ್ಯಕ್ಕೇ ವಿದ್ಯುತ್ ನೀಡಬೇಕೆಂದು ಆದೇಶಿಸಬೇಕಾಯಿತು. ಬರ ನಮ್ಮ ಸೀಮೆಗೆ ಅಪರಿಚಿತ ಅತಿಥಿಯಲ್ಲ. ಬರಗಾಲಕ್ಕೆಂದು ಮೊದಲೇ ಖರೀದಿ ಒಪ್ಪಂದ ಮಾಡಿಕೊಳ್ಳುವುದು, ಕೃಷಿ ಫೀಡರ್‌ಗಳನ್ನು ಸೌರವಿದ್ಯುತ್ತಿಗೆ ಜೋಡಿಸುವುದು ಮಂಡಳಿಯ ಮೇಜಿನ ಮೇಲೆ ಬರಬೇಕಾದ ಅಪಾಯ ನಿರ್ವಹಣೆಯೇ ಹೊರತು ಪರಿಸರಪ್ರೇಮಿಗಳ ಹವ್ಯಾಸವಲ್ಲ.

ಅದೇ 2023ರ ನವೆಂಬರ್‌ನಲ್ಲಿ ಬೆಂಗಳೂರಿನ ಕಾಡುಗೋಡಿಯಲ್ಲಿ ತುಂಡಾಗಿ ಬಿದ್ದಿದ್ದ ತಂತಿ ತುಳಿದು ತಾಯಿ ಮತ್ತು ಹಸುಗೂಸು ಸತ್ತರು. ಅಲ್ಲಿ ವಿತರಣೆ ಬೆಸ್ಕಾಂನದು. ಆದರೆ ಹಳೆಯ ತಂತಿಗೆ ಕಂಪನಿಗಳ ಗಡಿ ತಿಳಿಯದು. ಇಂಥ ದುರಂತದ ನಂತರ ಕೆಳಹಂತದ ಸಿಬ್ಬಂದಿ ಅಮಾನತಾಗುವುದು ನಮಗೆ ಅಭ್ಯಾಸವಾಗಿದೆ. ಹಳೆಯ ತಂತಿಗಳನ್ನು ಬದಲಿಸಲು ಮಂಡಳಿ ಎಷ್ಟು ಹಣ ಮಂಜೂರು ಮಾಡಿತ್ತು, ಎಷ್ಟು ಖರ್ಚಾಯಿತು ಎಂದು ಕೇಳುವುದು ಅಭ್ಯಾಸವಾಗಿಲ್ಲ. ಮಳೆಯಲ್ಲಿ ಕಂಬ ಹತ್ತುವ ಪವರ್‌ಮನ್‌ನ ಜೀವವೂ ಆ ಲೆಕ್ಕದೊಳಗೇ ಇದೆ.

ಖಾಸಗೀಕರಣವೇ ಮದ್ದು ಎನ್ನುವವರಿದ್ದಾರೆ. ಒಡಿಶಾ 1999ರಲ್ಲಿಯೇ ವಿತರಣೆಯನ್ನು ಖಾಸಗಿಗೆ ವಹಿಸಿತು. 2015ರಲ್ಲಿ ಮೂರು ಕಂಪನಿಗಳ ಪರವಾನಗಿಯನ್ನು ರದ್ದುಪಡಿಸಬೇಕಾಯಿತು. ಮಾಲೀಕ ಬದಲಾದರೂ ಮಂಡಳಿಯಲ್ಲಿ ಪ್ರಶ್ನೆ ಹುಟ್ಟದಿದ್ದರೆ ಫಲವಿಲ್ಲ. ನಿಯಂತ್ರಣ ಆಯೋಗವಿದೆಯಲ್ಲ ಎಂದೂ ಹೇಳಬಹುದು. ಆಯೋಗ ದರವನ್ನು ಅಳೆಯಬಲ್ಲದು. ಮಂಡಳಿಯ ಕುರ್ಚಿಯಲ್ಲಿ ಕೂರಲಾರದು. ವಸೂಲಾಗದ ವೆಚ್ಚವನ್ನು ವರ್ಷಗಟ್ಟಲೆ ಮುಂದೂಡುವ ಪರಿಪಾಠಕ್ಕೆ ಸುಪ್ರೀಂ ಕೋರ್ಟ್ 2025ರ ಆಗಸ್ಟ್‌ನಲ್ಲಿ ಕಾಲಮಿತಿ ಹಾಕಿದೆ. ಇನ್ನು ಮುಂದೆ ಇಂದಿನ ಮೌನದ ಬೆಲೆ ಬೇಗನೆ ಬಿಲ್ಲಿಗೆ ಬರುತ್ತದೆ.

ಮಾಡಬೇಕಾದದ್ದು ಅಸಾಧ್ಯವೇನಲ್ಲ. ಪ್ರತಿ ತ್ರೈಮಾಸಿಕದಲ್ಲಿ ಜೆಸ್ಕಾಂ ಮೂರು ಲೆಕ್ಕಗಳನ್ನು ಕನ್ನಡದಲ್ಲಿ ಪ್ರಕಟಿಸಲಿ. ಮೊದಲನೆಯದು, ಸರ್ಕಾರ ಕೊಡಬೇಕಾದ ಸಹಾಯಧನ, ಕೊಟ್ಟದ್ದು, ವಿಳಂಬದಿಂದಾದ ಬಡ್ಡಿ. ಎರಡನೆಯದು, ಅಂದಾಜಿನಿಂದಲ್ಲದೆ ಮೀಟರಿನಿಂದ ಅಳೆದ ಫೀಡರ್‌ವಾರು ನಷ್ಟ; ಮೀಟರಿಲ್ಲದೆ ವಿದ್ಯುತ್ ಪೂರೈಸಬಾರದೆಂದು 55ನೇ ಕಲಂ ಎಂದೋ ಹೇಳಿದೆ. ಮೂರನೆಯದು, ಅಪಘಾತಗಳ ಸಂಖ್ಯೆ, ಕಾರಣ ಮತ್ತು ಕೈಗೊಂಡ ಕ್ರಮ. ಈ ಮೂರನ್ನೂ ಪರಿಶೀಲಿಸುವ ಸಮಿತಿಗೆ ಸರ್ಕಾರಿ ನೌಕರನಲ್ಲದ, ಈ ಭಾಗವನ್ನು ಬಲ್ಲ, ಅವಧಿಗೆ ಮುನ್ನ ತೆಗೆದುಹಾಕಲಾಗದ ಸ್ವತಂತ್ರ ನಿರ್ದೇಶಕರೊಬ್ಬರು ಅಧ್ಯಕ್ಷರಾಗಲಿ.

ದರ ಪರಿಷ್ಕರಣೆಗೆ ಮುನ್ನ ಆಯೋಗ ಸಾರ್ವಜನಿಕರ ಆಕ್ಷೇಪಣೆ ಕೇಳುತ್ತದೆ. ಅಲ್ಲಿ ನಾವು ಪೈಸೆಗಳ ಬಗ್ಗೆ ವಾದಿಸಿ ಹಿಂತಿರುಗುತ್ತೇವೆ. ಮುಂದಿನ ಬಾರಿ ಈ ಮೂರು ಲೆಕ್ಕಗಳನ್ನೂ ಕೇಳೋಣ. ಅಂದು ಮಂಡಳಿಯಲ್ಲಿ ನಾನು ಕೇಳದೆ ಬಿಟ್ಟ ಪ್ರಶ್ನೆಯನ್ನು ಇಂದು ಒಬ್ಬ ಗ್ರಾಹಕನಾಗಿ ಲಿಖಿತವಾಗಿ ಸಲ್ಲಿಸಲಿದ್ದೇನೆ.