ಗಣಕದೊಳಗಿನ ರಕ್ತನಾಳ

ಪಾರ್ಶ್ವವಾಯುವು ವಾತದ ವಿಕಾರವೆಂದು ನಾವು ಬಾಲ್ಯದಲ್ಲಿ ಪಾಠಮಾಡಿದ್ದುಂಟು. ಹೆಸರಿನಲ್ಲಿ ವಾಯುವಿದ್ದರೂ ಕಾರಣವು ಬಹುಮಟ್ಟಿಗೆ ರಕ್ತದಲ್ಲಿದೆ. ಮಿದುಳಿನ ನಾಳದಲ್ಲಿ ಹೆಪ್ಪೊಂದು ಸಿಕ್ಕಿ ಪ್ರವಾಹವನ್ನು ತಡೆಯುವುದು. ದೊಡ್ಡ ನಾಳವು ಮುಚ್ಚಿತೆಂದರೆ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ನಾಶವಾಗುವುವೆಂದು ಗಣನೆ. ನಮ್ಮ ಸಹೋದ್ಯೋಗಿಯೊಬ್ಬರಿಗೆ ಬೆಳಿಗ್ಗೆ ಬಾಯಿ ಓರೆಯಾದಾಗ ಮನೆಯವರು ಎಣ್ಣೆ ತಿಕ್ಕುತ್ತ ಮಧ್ಯಾಹ್ನದವರೆಗೆ ಕಾದರು. ನಾವೂ ಅಲ್ಲಿದ್ದೆವು; ಬೇಡವೆನ್ನಲಿಲ್ಲ.

ತೊಡೆಸಂದಿನ ನಾಳದಿಂದ ಸಣ್ಣ ನಳಿಕೆಯನ್ನು ಮಿದುಳಿನವರೆಗೆ ಸಾಗಿಸಿ, ನಿಕ್ಕಲ್ ಟೈಟೇನಿಯಂ ತಂತಿಯ ಜಾಲರಿಯನ್ನು ಹೆಪ್ಪಿನೊಳಗೆ ಬಿಚ್ಚಿ, ಹೆಪ್ಪಿನೊಡನೆ ಹೊರಗೆಳೆಯುವ ಚಿಕಿತ್ಸೆಯು ಫಲಕಾರಿಯೆಂದು 2015ರಲ್ಲಿ ಪ್ರಕಟವಾದ ಐದು ಪರೀಕ್ಷೆಗಳು ಸ್ಥಾಪಿಸಿದವು. ಆದರೆ ಹೆಪ್ಪುಗಳೆಲ್ಲ ಒಂದೇ ಬಗೆಯವಲ್ಲ. ಕೆಂಪು ಕಣ ತುಂಬಿದುದು ಮೃದು. ಫೈಬ್ರಿನ್ ಎಂಬ ನಾರು ಹೆಚ್ಚಿದುದು ಬಿಗಿ. ಒಂದು ಜಾರುವುದು, ಒಂದು ಚೂರಾಗುವುದು. ಚೂರು ಮುಂದೆ ಹೋಗಿ ಕೂತರೆ ಹೊಸ ಅನರ್ಥ.

ಇದನ್ನು ರೋಗಿಯ ತಲೆಯಲ್ಲಿಯೇ ಪ್ರಯೋಗಿಸಿ ಕಲಿಯಲಾದೀತೆ? ಯುರೋಪಿನ ‘ಇನ್‌ಸಿಸ್ಟ್’ ಯೋಜನೆಯಲ್ಲಿ ಮಿಲಾನ್ ನಗರದ ಪಾಲಿಟೆಕ್ನಿಕ್ ವಿದ್ವಾಂಸರು ರೋಗಿಯ ಚಿತ್ರದಿಂದ ನಾಳವನ್ನು ಗಣಕದಲ್ಲಿ ಕಟ್ಟಿದರು. ಹೆಪ್ಪನ್ನೂ ಜಾಲರಿಯನ್ನೂ ಸಾವಿರಾರು ತುಣುಕುಗಳಾಗಿ ವಿಭಜಿಸಿ, ಒಂದೊಂದರ ಮೇಲಿನ ಎಳೆತವನ್ನು ಗುಣಿಸಿ, ಚಿಕಿತ್ಸೆಯನ್ನು ಅಲ್ಲಿಯೇ ನಡೆಸಿ ನೋಡಿದರು. ತಂತಿಯ ದಪ್ಪವನ್ನೋ ಜಾಲರಿಯ ಕಣ್ಣಿನ ಅಗಲವನ್ನೋ ಬದಲಿಸಿದರೆ ಹಿಡಿತ ಹೇಗಾದೀತೆಂಬುದನ್ನು ಲೋಹ ಮುಟ್ಟದೆಯೇ ಊಹಿಸಬಹುದು. ಲೆಕ್ಕದ ಸೌಕರ್ಯಕ್ಕೆಂದು ನಾಳದ ಗೋಡೆಯನ್ನು ಹಲವು ವೇಳೆ ಅಲುಗದ ಕೊಳವೆಯೆಂದೇ ಭಾವಿಸುವರು; ನಿಜವಾದ ನಾಳವು ಎಳೆದರೆ ಬಾಗುವುದು. ಆದಕಾರಣ ಕೃತಕ ನಾಳದಲ್ಲಿ ಕೃತಕ ಹೆಪ್ಪನ್ನಿಟ್ಟು ತಾಳೆ ನೋಡುವುದೂ ಉಂಟು. ಈ ಎಚ್ಚರಿಕೆಯನ್ನು ನಾವು ಮೆಚ್ಚುತ್ತೇವೆ.

ಬಾಯಿ ಓರೆಯಾದರೆ, ಕೈ ಸೋತರೆ, ಮಾತು ತೊದಲಿದರೆ ಆ ಕ್ಷಣವೇ ಸ್ಕ್ಯಾನ್ ಇರುವ ಆಸ್ಪತ್ರೆಗೆ ಒಯ್ಯತಕ್ಕದ್ದು. ನಮ್ಮ ಸ್ನೇಹಿತರು ಈಗ ಎಡಗೈಯಲ್ಲಿ ಅಕ್ಷರಾಭ್ಯಾಸ ಮಾಡುತ್ತಿದ್ದಾರೆ.