ಟಾರ್ಚಿನ ಬೆಳಕು ನೆಲಕ್ಕೆ

ಬೇಸಿಗೆ ರಜೆಯಲ್ಲಿ ಒಂದು ರಾತ್ರಿ ಅಣ್ಣನ ಮೊಬೈಲಿನಲ್ಲಿ ‘ಲೂಸಿಯಾ’ ನೋಡುತ್ತಿದ್ದೆ. ಪಕ್ಕದಲ್ಲಿ ತಸ್ಬೀಹ್ ಹಿಡಿದು ಕೂತಿದ್ದ ನಾನಾ, ಅಂದರೆ ಅಮ್ಮಿಯ ಅಬ್ಬಾ, ಬಗ್ಗಿ ನೋಡಿದರು. ಸಿನಿಮಾದ ನಾಯಕ ಟಾಕೀಸಿನಲ್ಲಿ ಟಾರ್ಚ್ ಹಿಡಿದು ಜನರಿಗೆ ಸೀಟು ತೋರಿಸುವವನು ಎಂದು ಹೇಳಿದೆ. ನಾನಾ ಸ್ವಲ್ಪ ಹೊತ್ತು ಸುಮ್ಮನಿದ್ದು, “ಟಾರ್ಚ್ ನೆಲಕ್ಕೆ ಹಿಡೀಬೇಕು ಬೇಟಾ. ಮುಖಕ್ಕೆ ಹಿಡಿದರೆ ಜನ ಬೈತಾರೆ” ಎಂದರು.

ಅವರಿಗೆ ಗೊತ್ತಿರಲೇಬೇಕು. ಹತ್ತೊಂಬತ್ತು ವರ್ಷ ನಿಪ್ಪಾಣಿಯ ಒಂದು ಟಾಕೀಸಿನಲ್ಲಿ ಅವರು ಇದೇ ಕೆಲಸ ಮಾಡಿದ್ದಾರೆ. ನಮ್ಮ ಮನೆಯಲ್ಲಿ ಇದನ್ನು ಯಾರೂ ಹೊರಗೆ ಹೇಳುವುದಿಲ್ಲ. ನಾನೂ ಹೇಳಿರಲಿಲ್ಲ. ಕಳೆದ ವರ್ಷ ನಮ್ಮ ಕಾಲೇಜಿನ ಸ್ವಾಗತ ಕಾರ್ಯಕ್ರಮದಲ್ಲಿ ಪರಿಚಯ ಮಾಡಿಕೊಳ್ಳುವಾಗ, ‘ನಮ್ಮ ನಾನಾ ತಂಬಾಕಿನ ವ್ಯಾಪಾರದಲ್ಲಿದ್ದರು’ ಎಂದಿದ್ದೆ. ಟಾಕೀಸು ಮುಚ್ಚಿದ ಮೇಲೆ ಅವರು ತಂಬಾಕಿನ ಗೋದಾಮಿನಲ್ಲಿ ಚೀಲ ಹೊತ್ತದ್ದು ನಿಜ. ವ್ಯಾಪಾರ ಬೇರೆಯವರದು.

ಆ ಸುಳ್ಳನ್ನು ಈ ಸಿನಿಮಾ ನನಗೆ ನೆನಪಿಸಿತು. ಅದಕ್ಕೇ ಅದರ ಬಗ್ಗೆ ಬರೆಯುತ್ತಿದ್ದೇನೆ.

‘ಲೂಸಿಯಾ’ 2013ರ ಸೆಪ್ಟೆಂಬರಿನಲ್ಲಿ ಬಿಡುಗಡೆಯಾದ ಕನ್ನಡ ಚಿತ್ರ. ನಿರ್ದೇಶಕರು ಪವನ್ ಕುಮಾರ್. ನೋಡದವರಿಗಾಗಿ ಕಥೆ ಹೇಳುತ್ತೇನೆ. ಕೊನೆಯನ್ನೂ ಹೇಳಬೇಕಾಗುತ್ತದೆ, ಕ್ಷಮಿಸಿ. ನಿಕ್ಕಿ ಬೆಂಗಳೂರಿನ ಒಂದು ಹಳೆಯ ಟಾಕೀಸಿನಲ್ಲಿ ಟಾರ್ಚ್ ಹಿಡಿಯುವ ಹುಡುಗ. ಅವನಿಗೆ ರಾತ್ರಿ ನಿದ್ದೆ ಬರುವುದಿಲ್ಲ. ಯಾರೋ ಲೂಸಿಯಾ ಎಂಬ ಮಾತ್ರೆ ಕೊಡುತ್ತಾರೆ. ಅದನ್ನು ನುಂಗಿದರೆ ಬಯಸಿದ ಬದುಕು ಕನಸಾಗಿ ಬರುತ್ತದೆ. ನಿನ್ನೆ ನಿಂತ ಜಾಗದಿಂದಲೇ ಇವತ್ತಿನ ಕನಸು ಮುಂದುವರಿಯುತ್ತದೆ. ಆ ಕನಸಿನಲ್ಲಿ ಅವನು ನಿಖಿಲ್ ಎಂಬ ದೊಡ್ಡ ಸಿನಿಮಾ ಸ್ಟಾರ್. ಈ ನಡುವೆ ಆಸ್ಪತ್ರೆಯಲ್ಲಿ ಒಬ್ಬ ಪ್ರಜ್ಞೆ ಇಲ್ಲದೆ ಮಲಗಿದ್ದಾನೆ; ಅವನಿಗೆ ಏನಾಯಿತು ಎಂದು ತನಿಖೆ ನಡೆಯುತ್ತಿದೆ. ಟಾಕೀಸಿನ ಹುಡುಗನ ಬದುಕು ಬಣ್ಣದಲ್ಲಿದೆ, ಸ್ಟಾರ್‌ನ ಬದುಕು ಕಪ್ಪು-ಬಿಳುಪಿನಲ್ಲಿದೆ. ಬಣ್ಣದ್ದು ನಿಜ, ಕಪ್ಪು-ಬಿಳುಪಿನದು ಕನಸು ಎಂದುಕೊಂಡೇ ನಾವು ನೋಡುತ್ತೇವೆ. ಕೊನೆಗೆ ಗೊತ್ತಾಗುತ್ತದೆ, ಎಲ್ಲವೂ ತಿರುಗುಮುರುಗು. ನಿಜವಾಗಿ ಇದ್ದವನು ಸ್ಟಾರ್. ಟಾರ್ಚ್ ಹಿಡಿದು ನೆಮ್ಮದಿಯಿಂದ ಇರುವ ಸಾಮಾನ್ಯ ಹುಡುಗ ಅವನ ಕನಸು.

ಇಂಥ ಕಥೆ ಬೇರೆ ಕಡೆಯೂ ಬಂದಿದೆ. 2001ರಲ್ಲಿ ಅಮೆರಿಕದ ಡೇವಿಡ್ ಲಿಂಚ್ ‘ಮುಲ್‌ಹಾಲೆಂಡ್ ಡ್ರೈವ್’ ಎಂಬ ಸಿನಿಮಾ ಮಾಡಿದರು. ಅದೂ ಕನಸು ಮತ್ತು ಸಿನಿಮಾ ಉದ್ಯಮದ ಕಥೆಯೇ. ಅದನ್ನು ಬಹಳ ಜನ ಅರ್ಥ ಮಾಡಿಕೊಂಡಿರುವುದು ಹೀಗೆ: ಹಾಲಿವುಡ್‌ನಲ್ಲಿ ಸೋತ ಒಬ್ಬ ನಟಿ ತಾನು ಗೆದ್ದಂತೆ ಕನಸು ಕಾಣುತ್ತಾಳೆ. ನಮ್ಮ ಸಿನಿಮಾದಲ್ಲಿ ಗೆದ್ದವನೇ ಟಾಕೀಸಿನ ಕೆಲಸದವನಾಗುವ ಕನಸು ಕಾಣುತ್ತಾನೆ. ಈ ವ್ಯತ್ಯಾಸ ನನಗೆ ಬಹಳ ದೊಡ್ಡದು ಅನಿಸಿತು.

ಸಿನಿಮಾ ಉದ್ಯಮ ಮನುಷ್ಯನಿಗೆ ಎರಡನೆಯ ಬದುಕು ಕೊಡುವಾಗ ಅನೇಕ ಸಲ ಮೊದಲು ಬದಲಿಸುವುದು ಹೆಸರನ್ನು. ಪೇಶಾವರದ ಯೂಸುಫ್ ಖಾನ್ 1944ರ ‘ಜ್ವಾರ್ ಭಾಟಾ’ದಲ್ಲಿ ದಿಲೀಪ್ ಕುಮಾರ್ ಆದರು. ನಮ್ಮ ಮುತ್ತುರಾಜ್ ‘ಬೇಡರ ಕಣ್ಣಪ್ಪ’ದಿಂದ ರಾಜ್‌ಕುಮಾರ್ ಆದರು. ಬೆಂಗಳೂರಿನಲ್ಲಿ ಬಸ್ ಕಂಡಕ್ಟರ್ ಆಗಿದ್ದ, ಮರಾಠಿ ಮನೆಮಾತಿನ ಶಿವಾಜಿರಾವ್ ಗಾಯಕವಾಡ್ ರಜನಿಕಾಂತ್ ಆದರು. ‘ಲೂಸಿಯಾ’ದಲ್ಲಿಯೂ ಒಬ್ಬನಿಗೇ ಎರಡು ಹೆಸರು. ಆ ಪಾತ್ರ ಮಾಡಿದ ಸತೀಶ್ ಮಾತ್ರ ಬೇರೆ ದಾರಿ ಹಿಡಿದಿದ್ದಾರೆ. ತಾವು ರಂಗಭೂಮಿ ಕಲಿತ ಹೆಗ್ಗೋಡಿನ ಸಂಸ್ಥೆಯ ಹೆಸರನ್ನೇ ಸೇರಿಸಿಕೊಂಡು ನೀನಾಸಂ ಸತೀಶ್ ಎನಿಸಿಕೊಂಡರು.

ನಮ್ಮ ನಾನಾಗೂ ಎರಡನೆಯ ಹೆಸರಿದೆ. ನಿಪ್ಪಾಣಿ ಪೇಟೆಯ ಹಳಬರು ಅವರನ್ನು ಈಗಲೂ ‘ಟಾರ್ಚ್ ಮಾಮು’ ಎಂದು ಕರೆಯುತ್ತಾರೆ. ಹಾಗೆ ಕರೆದಾಗ ನಾನಾ ನಗುತ್ತಾರೆ. ಅಮ್ಮಿ ಬೇರೆ ಕಡೆ ನೋಡುತ್ತಾರೆ.

ಅಮ್ಮಿಯನ್ನು ನಾನು ತಪ್ಪು ಎನ್ನುವುದಿಲ್ಲ. ನಮ್ಮ ಕಡೆ ಎಷ್ಟೋ ಹಿರಿಯರು ಸಿನಿಮಾವನ್ನು ಒಪ್ಪುವುದಿಲ್ಲ. ಅದರಿಂದ ಬಂದ ಅನ್ನ ಎಂಥದು ಎಂದು ಕೇಳುವವರೂ ಇದ್ದಾರೆ. ಮದುವೆ ಮಾತುಕತೆಗೆ ಬಂದವರ ಮುಂದೆ ಯಾವುದನ್ನು ಹೇಳಬೇಕು, ಯಾವುದನ್ನು ಬಿಡಬೇಕು ಎಂದು ಪ್ರತಿ ಮನೆಯಲ್ಲೂ ಲೆಕ್ಕ ಇರುತ್ತದೆ. ಆದರೆ ಆ ಅನ್ನದಿಂದಲೇ ಅಮ್ಮಿ ಬೆಳೆದರು, ಶಾಲೆ ಕಲಿತರು. ಅದರಿಂದಲೇ ನಾನು ಇಲ್ಲಿ ಅಕೌಂಟೆನ್ಸಿ ಓದುತ್ತಿದ್ದೇನೆ. ನಮ್ಮ ಲೆಕ್ಕದ ಪುಸ್ತಕದ ಭಾಷೆಯಲ್ಲಿ ಹೇಳುವುದಾದರೆ, ಬಂಡವಾಳವನ್ನು ತೋರಿಸದೆ ಲಾಭವನ್ನು ಮಾತ್ರ ತೋರಿಸಿದರೆ ತಾಳೆ ಹೊಂದುವುದಿಲ್ಲ.

ಬಂಡವಾಳ ಎಂದಾಗ ಇನ್ನೊಂದು ಮಾತು ಹೇಳಬೇಕು. ಈ ಚಿತ್ರಕ್ಕೆ ಹಣ ಹಾಕಿದ್ದು ಒಬ್ಬ ದೊಡ್ಡ ನಿರ್ಮಾಪಕ ಅಲ್ಲ. ಪವನ್ ಕುಮಾರ್ ಜನರನ್ನೇ ಕೇಳಿದರು. 110 ಜನ ಸೇರಿ 27 ದಿನಗಳಲ್ಲಿ ಸುಮಾರು 51 ಲಕ್ಷ ರೂಪಾಯಿ ಕೊಟ್ಟರು. ಸರಾಸರಿ ತೆಗೆದರೆ ಒಬ್ಬರಿಂದ 46 ಸಾವಿರದಷ್ಟು. ಅದೇ ವರ್ಷ ಲಂಡನ್ ಇಂಡಿಯನ್ ಫಿಲ್ಮ್ ಫೆಸ್ಟಿವಲ್‌ನಲ್ಲಿ ಪ್ರೇಕ್ಷಕರ ಆಯ್ಕೆಯ ಪ್ರಶಸ್ತಿ ಇದಕ್ಕೇ ಬಂತು. 2015ರಲ್ಲಿ ತಮಿಳಿನಲ್ಲಿ ಮತ್ತೆ ತೆಗೆದರು. ಸ್ಟಾರ್ ಆಗುವುದೇ ಎಲ್ಲ ಅಲ್ಲ ಎನ್ನುವ ಸಿನಿಮಾವನ್ನು, ಸ್ಟಾರ್ ಅಲ್ಲದ ಜನ ಕೂಡಿ ಮಾಡಿಸಿದ್ದು ನನಗೆ ಬಹಳ ಹಿಡಿಸಿತು.

ಆದರೂ ಸಿನಿಮಾ ಹೇಳಿದ್ದನ್ನೆಲ್ಲ ನಾನು ಒಪ್ಪುವುದಿಲ್ಲ.

ಮೊದಲನೆಯದು ಮಾತ್ರೆ. ಇಂಥ ಸಿನಿಮಾ ವಿದ್ಯಾರ್ಥಿಗಳು ನೋಡಬಾರದು ಎಂದು ಒಬ್ಬ ಗೆಳತಿ ವಾದಿಸಿದಳು. ಮಾತ್ರೆ ಬಿಟ್ಟರೆ ಕನಸೆಲ್ಲ ಕೆಟ್ಟ ಕನಸಾಗುತ್ತದೆ ಎಂದು ಸಿನಿಮಾ ಎಚ್ಚರಿಸುತ್ತದೆ, ನಿಜ. ಆದರೆ ಅದಕ್ಕಿಂತ ಮೊದಲು ಬಹಳ ಹೊತ್ತು ಅದನ್ನು ಚಂದ ಮಾಡಿಯೇ ತೋರಿಸುತ್ತದೆ. ಗೆಳತಿಯ ಮಾತಿನಲ್ಲಿ ಅರ್ಧ ಸತ್ಯ ಇದೆ. ಇದನ್ನು ಒಬ್ಬರೇ ಕೂತು ನೋಡುವುದಕ್ಕಿಂತ, ಆಮೇಲೆ ಮಾತನಾಡಲು ಹಿರಿಯರು ಯಾರಾದರೂ ಪಕ್ಕದಲ್ಲಿದ್ದಾಗ ನೋಡುವುದು ಒಳ್ಳೆಯದು.

ಎರಡನೆಯದು ಶ್ವೇತಾ. ಎರಡೂ ಬದುಕಿನಲ್ಲಿ ನಾಯಕಿ ಅವಳೇ. ಒಂದರಲ್ಲಿ ಹೋಟೆಲಿನ ಕೆಲಸ, ಇನ್ನೊಂದರಲ್ಲಿ ಮಾಡೆಲ್. ಎರಡರಲ್ಲೂ ಅವನನ್ನು ಪ್ರೀತಿಸುತ್ತಾಳೆ. ಮಾತ್ರೆ ಅವಳ ಕೈಗೆ ಸಿಕ್ಕಿದ್ದರೆ ಅವಳು ಯಾವ ಕನಸು ಕಾಣುತ್ತಿದ್ದಳು? ಸಿನಿಮಾ ಇದನ್ನು ಕೇಳುವುದೇ ಇಲ್ಲ. ಹುಡುಗಿಯಾಗಿ ನನಗೆ ಅದು ಖಾಲಿ ಜಾಗದಂತೆ ಕಂಡಿತು.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಸ್ಟಾರ್‌ನ ಕನಸಿನಲ್ಲಿ ಟಾಕೀಸಿನ ಹುಡುಗನ ಬದುಕಿಗೆ ಬಣ್ಣ ಇದೆ. ಹಣ ಇದ್ದವನಿಗೆ ಬಡತನದ ಕನಸು ಬಣ್ಣದಲ್ಲಿ ಬೀಳಬಹುದು. ನಾನಾಗೆ ಆ ಬದುಕಿನಲ್ಲಿ ತಿಂಗಳ ಕೊನೆ ಎಂಬುದು ಇತ್ತು. ಮೂರು ಹೆಣ್ಣುಮಕ್ಕಳಿದ್ದರು. ಸಂಜೆ ಆಟ, ರಾತ್ರಿ ಆಟ ಮುಗಿಸಿ ಮನೆಗೆ ಬರುವಾಗ ಮಕ್ಕಳು ಮಲಗಿರುತ್ತಿದ್ದರು. ಟಾಕೀಸಿಗೆ ಬೀಗ ಬಿದ್ದ ದಿನ ಕೈಗೆ ಏನೂ ಸಿಗಲಿಲ್ಲ. ಗೋದಾಮಿನ ಧೂಳಿನ ಕೆಮ್ಮು ಇವತ್ತಿಗೂ ಹೋಗಿಲ್ಲ. ಸಣ್ಣ ಬದುಕೇ ಸುಂದರ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ನಾನಾ ಕೂಡ ಒಪ್ಪುವುದಿಲ್ಲ. ಅದಕ್ಕೇ ಅವರು ನನಗೆ ಓದು, ಓದು ಎನ್ನುತ್ತಾರೆ.

ನಾನು ಹೇಳುವುದು ಇಷ್ಟೇ. ಆ ಬದುಕು ಸುಂದರ ಅಲ್ಲದಿರಬಹುದು, ಆದರೆ ನಾಚಿಕೆಯದಲ್ಲ. ಎರಡೂ ಒಂದೇ ಅಲ್ಲ.

ನಮ್ಮ ಕಾಲೇಜಿಗೆ ಅಥಣಿ, ರಾಯಬಾಗ, ಕಾಗವಾಡ, ನಿಪ್ಪಾಣಿ ಕಡೆಯಿಂದ ಬಸ್ಸಿನಲ್ಲಿ ಬರುವವರಿದ್ದೇವೆ. ಬಸ್ಸಿನಲ್ಲಿ ನಮ್ಮದು ಒಂದು ಮಾತು, ಗೇಟಿನ ಒಳಗೆ ಇನ್ನೊಂದು. ಮನೆಯಲ್ಲಿ ಉರ್ದು, ಪೇಟೆಯಲ್ಲಿ ಮರಾಠಿ, ಇಲ್ಲಿ ಕನ್ನಡ. ಇದರಲ್ಲಿ ತಪ್ಪೇನೂ ಇಲ್ಲ, ಇದು ನಮ್ಮ ಸೀಮೆಯ ಸಂಪತ್ತು. ತಪ್ಪು ಇರುವುದು ಮನೆಯ ದುಡಿಮೆಯನ್ನು ಗೇಟಿನ ಹೊರಗೆ ಬಿಟ್ಟು ಬರುವುದರಲ್ಲಿ. ಚಪ್ಪಲಿ ಹೊಲಿಯುವವರ ಮಕ್ಕಳು, ಬೀಡಿ ಕಟ್ಟುವವರ ಮಕ್ಕಳು, ಕಬ್ಬು ಕಡಿಯುವವರ ಮಕ್ಕಳು ನಮ್ಮ ನಡುವೆ ಇದ್ದೇವೆ. ಪರಿಚಯ ಮಾಡಿಕೊಳ್ಳುವಾಗ ಮಾತ್ರ ಎಲ್ಲರ ಮನೆಯಲ್ಲೂ ‘ವ್ಯಾಪಾರ’ ಇರುತ್ತದೆ!

ನಮ್ಮ ಸಭಾಂಗಣದ ಗೋಡೆಯ ಮೇಲೆ ಅಬ್ದುಲ್ ಕಲಾಂ ಅವರ ಚಿತ್ರ ಇದೆ. ಕನಸು ಕಾಣಿ ಎನ್ನುವಾಗ ಭಾಷಣಕಾರರೆಲ್ಲ ಅದರ ಕಡೆಗೇ ಕೈ ತೋರಿಸುತ್ತಾರೆ. ಆದರೆ ಕಲಾಂ ಅವರು ರಾಮೇಶ್ವರದಲ್ಲಿ ಹುಡುಗನಾಗಿದ್ದಾಗ ರೈಲಿನಿಂದ ಎಸೆದ ಪತ್ರಿಕೆ ಕಟ್ಟುಗಳನ್ನು ಎತ್ತಿಕೊಂಡು ಸಹಾಯ ಮಾಡುತ್ತಿದ್ದುದನ್ನು 1999ರ ತಮ್ಮ ಆತ್ಮಕಥೆಯಲ್ಲಿ ತಾವೇ ಬರೆದಿದ್ದಾರೆ. ರಾಷ್ಟ್ರಪತಿ ಆದ ಮೇಲೂ ಅದನ್ನು ಮರೆಮಾಚಲಿಲ್ಲ. ಅವರಿಂದ ಕನಸು ಕಾಣುವುದನ್ನು ಮಾತ್ರ ಕಲಿತು, ಇದನ್ನು ಕಲಿಯದಿದ್ದರೆ ಹೇಗೆ?

‘ಲೂಸಿಯಾ’ದ ನಿಖಿಲ್ ಎರಡಾಗಿ ಒಡೆದದ್ದು ಕನಸು ಕಂಡದ್ದರಿಂದಲ್ಲ, ತನಗೆ ಏನು ಬೇಕು ಎಂಬುದನ್ನು ಹಗಲಿನಲ್ಲಿ ಯಾರ ಮುಂದೆಯೂ ಹೇಳಲಾಗದೆ ಎಂದು ನನ್ನ ಅಭಿಪ್ರಾಯ. ನಾವೂ ದೊಡ್ಡ ಕನಸು ಕಾಣೋಣ. ನಾನು ಸಿ.ಎ. ಮಾಡಬೇಕೆಂದಿದ್ದೇನೆ. ಆದರೆ ಅಲ್ಲಿಗೆ ಹೋಗಲು ನಾನಾರನ್ನು ಅಳಿಸಬೇಕಾಗಿಲ್ಲ.

ಈ ವರ್ಷದ ಸ್ವಾಗತ ಕಾರ್ಯಕ್ರಮದಲ್ಲಿ ಹೊಸಬರಿಗೆ ನಮ್ಮ ಪರಿಚಯ ಹೇಳುವ ಸರದಿ ಬರುತ್ತದೆ. ನಾನು ಈ ಸಲ ಸರಿಯಾಗಿ ಹೇಳುತ್ತೇನೆ. ನೀವೂ ಹೇಳುವಿರಾ?

ಇದನ್ನು ಬರೆಯಬಹುದೇ ಎಂದು ನಾನಾರನ್ನು ಕೇಳಿದೆ. ಅವರು ಬಹಳ ಹೊತ್ತು ಯೋಚಿಸಿ, “ಬರಿ. ಟಾಕೀಸಿನ ಹೆಸರು ಹಾಕಬೇಡ. ಮೊದಲು ಅಮ್ಮಿಗೆ ಓದಿ ಹೇಳು” ಎಂದರು. ಓದಿ ಹೇಳಿದೆ. ಅಮ್ಮಿ ಏನೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ.

ಅಂದಹಾಗೆ, ಆ ರಾತ್ರಿ ಸಿನಿಮಾ ಮುಗಿಯುವಷ್ಟರಲ್ಲಿ ನಾನಾ ಕೂತಲ್ಲೇ ನಿದ್ದೆ ಹೋಗಿದ್ದರು. ಯಾವ ಮಾತ್ರೆಯೂ ಇಲ್ಲದೆ.