ಹಳೆಯ ಪೆಟ್ಟಿಗೆಯಿಂದ ಸ್ಪೀಕರನ್ನು ಬಿಡಿಸುವ ಬಗೆ

ಚಾಮರಾಜನಗರ ಸೀಮೆಯ ಉಮ್ಮತ್ತೂರಿನಂಥ ಊರಿನಲ್ಲಿ ಹಳೆಯ ಮನೆಯೊಂದರ ಅಟ್ಟವನ್ನು ಶೋಧಿಸಿದರೆ, ಬೇಡವಾದ ಪಾತ್ರೆಪಗಡಿಗಳ ನಡುವೆ ಬಟ್ಟೆಯ ಮುಖವುಳ್ಳ ಮರದ ಪೆಟ್ಟಿಗೆಯೊಂದು ದೊರೆತರೆ ಆಶ್ಚರ್ಯವಿಲ್ಲ. 1935ರಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದ ಬಾನುಲಿ ಪ್ರಸಾರವನ್ನು ಆರಂಭಿಸಿದರು. ಮುಂದಿನ ದಶಕಗಳಲ್ಲಿ ರೇಡಿಯೋ ಬಂದಿತು, ರೆಕಾರ್ಡು ಬಂದಿತು, ಟೇಪು ಬಂದಿತು. ಹಿರಿಯರು ಹಾಡು ನಾಟಕಗಳನ್ನು ಕೇಳಿದ್ದು ಇಂಥ ಪೆಟ್ಟಿಗೆಗಳ ಬಾಯಿಂದಲೇ. ಈಗ ಅದು ಮೂಕವಾಗಿದೆ. ಅಜ್ಜನ ಪೆಟ್ಟಿಗೆಯನ್ನು ಮತ್ತೆ ಹಾಡಿಸಬೇಕೆಂದು ಮೊಮ್ಮಗ ತಿರುಪುಗಳನ್ನೆಲ್ಲ ಬಿಚ್ಚುತ್ತಾನೆ. ಸ್ಪೀಕರು ಕದಲದು. ಆಗ ಅವನ ಕೈ ಸುತ್ತಿಗೆಯ ಕಡೆಗೆ ಹೋಗುತ್ತದೆ. ಪೆಟ್ಟಿಗೆಯ ಆಯುಷ್ಯ ಮುಗಿಯುವುದು ಬಹುಮಟ್ಟಿಗೆ ಆ ಗಳಿಗೆಯಲ್ಲಿಯೇ.

ಸ್ಪೀಕರು ಹೀಗೆ ಕಚ್ಚಿಕೊಳ್ಳುವುದೇಕೆ? ಕಾಗದದ ಕೋನು ಮುಂದಕ್ಕೆ ಗಾಳಿಯನ್ನು ಒತ್ತಿದಾಗ, ಅದರ ಹಿಂಭಾಗದ ಗಾಳಿ ಸಡಿಲಾಗುತ್ತದೆ. ಮುಂದಿನ ಅಲೆಯೂ ಹಿಂದಿನ ಅಲೆಯೂ ಒಂದಕ್ಕೊಂದು ವಿರುದ್ಧ. ಅವು ಕೂಡಿದರೆ ತಗ್ಗಿನ ಸ್ವರಗಳು ಅಳಿಸಿಹೋಗುತ್ತವೆ. ಮೃದಂಗದ ಎಡಭಾಗದ ಗುಮುಕು ಕೇಳಿಸದು. 1954ರಲ್ಲಿ ಅಮೆರಿಕದ ಎಡ್ಗರ್ ವಿಲ್ಚುರ್ ಎಂಬಾತನು ಪೆಟ್ಟಿಗೆಯನ್ನು ಪೂರ್ತಿಯಾಗಿ ಮುಚ್ಚಿ, ಒಳಗೆ ಸಿಕ್ಕಿದ ಗಾಳಿಯನ್ನೇ ಸ್ಪ್ರಿಂಗಿನಂತೆ ದುಡಿಸಿಕೊಂಡನು. ಇಂಥ ಪೆಟ್ಟಿಗೆಯಲ್ಲಿ ಕೂದಲೆಳೆಯಷ್ಟು ಸಂದಿಯೂ ಸಲ್ಲದು. ಆದುದರಿಂದ ತಯಾರಕರು ಸ್ಪೀಕರಿನ ಲೋಹದ ಅಂಚಿನ ಕೆಳಗೆ ಅಂಟು ಪುಟ್ಟಿಯನ್ನೋ ಮೆದುವಾದ ಪಟ್ಟಿಯನ್ನೋ ಒತ್ತಿ ಕೂರಿಸಿದರು. ವರ್ಷಗಳು ಕಳೆದಂತೆ ಆ ಅಂಟು ಮರವನ್ನೂ ಲೋಹವನ್ನೂ ಒಂದಾಗಿಸಿತು. ಇಂದು ಹಠ ಮಾಡುತ್ತಿರುವ ಬಂಧನವೇ ಅಂದು ಒಳ್ಳೆಯ ಧ್ವನಿಗೆ ಕಾರಣವಾಗಿತ್ತೆಂಬುದನ್ನು ಮರೆಯಬಾರದು.

ಬಿಡಿಸುವ ಮುನ್ನ ಬಿಡಿಸುವ ಅಗತ್ಯವಿದೆಯೇ ಎಂದು ನೋಡುವುದು ಜಾಣತನ. ಪೆಟ್ಟಿಗೆಯನ್ನು ಯಂತ್ರದಿಂದ ಬೇರ್ಪಡಿಸಿ, ಒಂದೂವರೆ ವೋಲ್ಟಿನ ಟಾರ್ಚು ಸೆಲ್ಲನ್ನು ಅದರ ಎರಡು ತಂತಿಗಳಿಗೆ ಕ್ಷಣಮಾತ್ರ ಮುಟ್ಟಿಸಬೇಕು. ‘ಟಕ್’ ಎಂದು ಕೋನು ಅಲುಗಿದರೆ ಒಳಗಿನ ಸುರುಳಿಗೆ ಜೀವವಿದೆ. ದೋಷ ಬೇರೆಡೆ ಇರಬಹುದು. ಬೆರಳುಗಳಿಂದ ಕೋನನ್ನು ಎರಡೂ ಕಡೆ ಸಮನಾಗಿ, ಹಗುರವಾಗಿ ಒತ್ತಿದಾಗ ಕರಕರ ಎಂದರೆ ಸುರುಳಿ ಅಯಸ್ಕಾಂತಕ್ಕೆ ಉಜ್ಜುತ್ತಿದೆಯೆಂದೇ ಅರ್ಥ. ಆಗ ಬಿಡಿಸದೆ ಗತಿಯಿಲ್ಲ. ವಾಲ್ವ್ ರೇಡಿಯೋ ಆದರೆ ಈ ಯಾವ ಕೆಲಸಕ್ಕೂ ಅವಸರ ಬೇಡ. ವಿದ್ಯುತ್ತಿನ ಸಂಪರ್ಕವನ್ನು ಕಿತ್ತ ಮೇಲೂ ಅದರ ಕೆಪಾಸಿಟರುಗಳಲ್ಲಿ ಪ್ರಾಣಕ್ಕೆ ಎರವಾಗುವಷ್ಟು ವಿದ್ಯುತ್ತು ಉಳಿದಿರಬಹುದು. ಅದನ್ನು ಬಲ್ಲವರೇ ತೆರೆಯಬೇಕು.

ಸ್ಪೀಕರನ್ನು ಹಲಗೆಯ ಮುಂದಿನಿಂದ ಕೂರಿಸಿದೆಯೇ, ಹಿಂದಿನಿಂದಲೇ ಎಂಬುದನ್ನು ಮೊದಲು ನೋಡಬೇಕು. ಹಿಂದಿನಿಂದ ಕೂರಿಸಿದ್ದನ್ನು ಮುಂದಿನಿಂದ ಎಷ್ಟು ಎಳೆದರೂ ಫಲವಿಲ್ಲ. ಮುಂದಿನಿಂದ ಕೂರಿಸಿದ್ದಾದರೆ ಕೋನಿನ ಮೇಲೆ ದಪ್ಪ ರಟ್ಟೊಂದನ್ನು ಇಡುವುದು ಅವಶ್ಯ. ಬಲವಾದ ಅಯಸ್ಕಾಂತವು ಕೈಯಲ್ಲಿನ ತಿರುಪುಳಿಯನ್ನು ಸೆಳೆದುಕೊಂಡು ಕಾಗದವನ್ನು ತೂತುಮಾಡಿಬಿಟ್ಟೀತು. ತುಕ್ಕು ಹಿಡಿದ ತಿರುಪನ್ನು ಮೊದಲು ಕೊಂಚ ಬಿಗಿದು, ಆಮೇಲೆ ಸಡಿಲಿಸಿದರೆ ಅದು ಸುಲಭವಾಗಿ ಬರುವುದುಂಟು.

ಇನ್ನು ಉಳಿಯುವುದು ಅಂಟು. ಕೂದಲು ಒಣಗಿಸುವ ಯಂತ್ರದ ಬಿಸಿಗಾಳಿಯನ್ನು ಲೋಹದ ಅಂಚಿಗೆ ಮಾತ್ರ, ಒಂದೆರಡು ನಿಮಿಷ ಸುತ್ತಲೂ ಹಾಯಿಸಿದರೆ ಪುಟ್ಟಿ ಮೆತ್ತಗಾಗುತ್ತದೆ. ಬಿಸಿನೀರು ಬೇಡ, ಕಾಗದ ತಾಳದು. ತೆಳುವಾದ ಅಲಗನ್ನು ಅಂಚಿನಡಿಯಲ್ಲಿ ತೂರಿಸಿ, ಒಂದೆಡೆಯೇ ಮೀಟದೆ, ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಡಿಸುತ್ತ ಬರಬೇಕು. ಬೇರೆ ರಂಧ್ರದಿಂದ ಕೈ ಹೋಗುವಂತಿದ್ದರೆ ಒಳಗಿನಿಂದ ಲೋಹದ ಚೌಕಟ್ಟನ್ನು ಒತ್ತಬಹುದು. ಅಯಸ್ಕಾಂತವನ್ನು ಒತ್ತಬಾರದು, ಅದರ ಹಳೆಯ ಅಂಟು ಬಿಟ್ಟುಹೋಗುವ ಭಯವುಂಟು. ಕೈ ಹೋಗದಿದ್ದರೆ ಎರಡು ದಿಂಬುಗಳ ಮೇಲೆ ಪೆಟ್ಟಿಗೆಯನ್ನು ಮುಖ ಕೆಳಗಾಗಿ ಇಟ್ಟು, ಸ್ಪೀಕರಿನ ಅಡಿಯಲ್ಲಿ ಬೆರಳೆರಡರ ಅಂತರ ಬಿಟ್ಟು ಮಡಿಸಿದ ಕಂಬಳಿಯನ್ನು ಹಾಸಿ, ಪೆಟ್ಟಿಗೆಯ ಬೆನ್ನನ್ನು ಅಂಗೈಯಿಂದ ತಟ್ಟಬೇಕು. ಸ್ಪೀಕರಿನ ಭಾರವೇ ಅದನ್ನು ಕೆಳಕ್ಕೆ ಇಳಿಸುತ್ತದೆ.

ಹೊರಬಂದ ಸ್ಪೀಕರನ್ನು ಒಮ್ಮೆಲೇ ಸೆಳೆಯಬಾರದು, ಹಿಂದೆ ತಂತಿಗಳಿರುತ್ತವೆ. ಯಾವ ತಂತಿ ಯಾವ ಕಡ್ಡಿಗೆ ಎಂದು ಗುರುತು ಮಾಡಿಕೊಂಡೇ ಬಿಡಿಸಬೇಕು. ಜೋಡಿ ಪೆಟ್ಟಿಗೆಗಳಲ್ಲಿ ಒಂದರ ತಂತಿ ಅದಲುಬದಲಾದರೆ, ಒಂದು ಕೋನು ಮುಂದಕ್ಕೆ ಹೋದಾಗ ಇನ್ನೊಂದು ಹಿಂದಕ್ಕೆ ಸರಿದು ಗಂಭೀರ ಸ್ವರವೇ ಮಾಯವಾಗುತ್ತದೆ. ಮತ್ತೆ ಕೂರಿಸುವಾಗ ಗೋಂದು ಸುರಿಯದೆ, ಹೊಸ ಮೆದು ಪಟ್ಟಿಯನ್ನಿಟ್ಟು, ತಿರುಪುಗಳನ್ನು ಎದುರುಬದುರಾಗಿ ಸಮನಾಗಿ ಬಿಗಿಯಬೇಕು. ಮುಂದೊಂದು ದಿನ ಇನ್ನೊಬ್ಬರು ಅದನ್ನು ಬಿಡಿಸಬೇಕಾಗಬಹುದಲ್ಲವೇ!

ಹರಿದ ಹಳೆಯ ಕೋನಿಗೆ ತಕ್ಕ ಜೋಡಿ ಅಂಗಡಿಯಲ್ಲಿ ಸಿಕ್ಕುವುದು ದುರ್ಲಭ. ಬೇರೆ ಸ್ಪೀಕರನ್ನು ಕೂರಿಸಿದರೆ ಸದ್ದು ಬರುತ್ತದೆ. ಆದರೆ ಅಜ್ಜನು ಕೇಳಿದ ಧ್ವನಿ ಅದಲ್ಲ. ಆತುರಗಾರನಿಗೆ ಬುದ್ಧಿ ಮಟ್ಟವೆಂಬ ಗಾದೆಯನ್ನು ನೆನೆದು ಒಂದು ಸಂಜೆಯನ್ನು ತಾಳ್ಮೆಯಿಂದ ಕಳೆದವನಿಗೆ ಆ ಧ್ವನಿ ಮರಳಿ ದೊರೆತೀತು.